ಹೋಸಿಯನ ಗಿಟಾರು ಸುಮ್ಮನಾದ ಶನಿವಾರ

ನನ್ನ ಗಂಡ ಹೋಸಿಯನ ಗಿಟಾರು ಅವನು ನುಡಿಸದಿದ್ದಾಗಲೂ ಸುಮ್ಮನಿರುತ್ತಿರಲಿಲ್ಲ. ಪ್ಲಗ್ ಚುಚ್ಚಿದರೆ ಸಾಕು, 'ಗುಂಯ್' ಎಂದು ಶುರುವಾಗುತ್ತಿತ್ತು. ಮದುವೆಯಾಗಿ ಬಂದ ದಿನದಿಂದ ನಾನು ಆ ಗುಂಯ್‌ಗಿಂತ ಒಂದು ಸ್ವರ ಮೇಲೆಯೇ ಮಾತಾಡುತ್ತ ಬಂದಿದ್ದೇನೆ. (ನನ್ನ ಗಂಟಲು ಹುಟ್ಟಿನಿಂದಲೇ ದೊಡ್ಡದು ಎಂದು ಹೋಸಿಯ ಊರಲ್ಲೆಲ್ಲ ಹೇಳುತ್ತಾನೆ. ಅಪಪ್ರಚಾರ.)

ಆ ಗುಂಯ್ ಜೊತೆಗೇ ನನ್ನ ಸಂಸಾರ ಸಾಗಿಬಿಡುತ್ತಿತ್ತು, ಟಾಲಿವರ್ ತನ್ನ ಮೀನಿನಂಗಡಿಯ ಗೋಡೆಗೆ ಹೊಸ ನಿಯಾನ್ ದೀಪ ಹಾಕಿಸದಿದ್ದರೆ. ಹತ್ತಿ ಹೊಲಗಳ ಅಂಚಿನಲ್ಲಿರುವ ಆ ತಗಡಿನ ಮನೆಯಲ್ಲಿ ಪ್ರತಿ ಶನಿವಾರ ಕರಿದ ಮೀನು, ಬಿಯರು, ಹೋಸಿಯನ ಬ್ಲೂಸ್ ಎಂಬ ಅಳಲಿನ ಹಾಡು. ನಿಯಾನ್ ದೀಪ ಬಂದ ದಿನ ಗಿಟಾರಿಗೆ ದೆವ್ವ ಹಿಡಿಯಿತು. ಗುಂಯ್ ಎನ್ನುತ್ತಿದ್ದದ್ದು ಜೇನುಹುಟ್ಟಿಗೆ ಕಲ್ಲು ಹೊಡೆದಂತೆ ಮೊರೆಯತೊಡಗಿತು.

"ದೀಪ ಆರಿಸಪ್ಪಾ" ಎಂದ ಹೋಸಿಯ.

"ಅದಕ್ಕೆ ಎಷ್ಟು ಸುರಿದಿದೀನಿ ಗೊತ್ತಾ? ನಿನ್ನ ಗಿಟಾರ್ ಬಾಯಿ ಮುಚ್ಸು. ಮುಂದಿನ ಶನಿವಾರದೊಳಗೆ ಆಗ್ಲಿಲ್ಲ ಅಂದ್ರೆ ಗ್ರೀನ್‌ವುಡ್ ಊರಿನ ಗಿಟಾರ್ ಹುಡುಗನ್ನ ಕರೆಸ್ತೀನಿ" ಎಂದ ಟಾಲಿವರ್.

ಹೋಸಿಯ ಮನೆಗೆ ಬಂದು ಏನೂ ಆಗದವನಂತೆ ಟೋಪಿ ತೆಗೆದಿಟ್ಟ. ಅದೇ ನನ್ನನ್ನು ಹೆದರಿಸಿತು. ಹೋದ ಬೇಸಗೆಯಲ್ಲಿ ಬೆರಳು ಮುರಿದು ಅವನಿಗೆ ಶನಿವಾರಗಳು ತಪ್ಪಿಹೋಗಿದ್ದವು. ಆಗ ಸಂಜೆಯಾದರೆ ತಾನು ಕೆಲಸಕ್ಕೆ ಓಡಿಸುವ, ಅಂಗಳದಲ್ಲಿ ನಿಂತ ಶಾಲೆಯ ಬಸ್ಸಿನೊಳಗೆ ಹೋಗಿ, ಡ್ರೈವರ್ ಸೀಟಿನಲ್ಲಿ ಕೂತಿರುತ್ತಿದ್ದ. ಬಸ್ಸು ಚಾಲೂ ಮಾಡುತ್ತಿರಲಿಲ್ಲ. ದೀಪವನ್ನೂ ಹಾಕುತ್ತಿರಲಿಲ್ಲ. ಅಡಿಗೆಮನೆಯ ಕಿಟಕಿಯಿಂದ ಅದನ್ನು ಇನ್ನೊಮ್ಮೆ ನೋಡಲು ನನ್ನಿಂದಾಗದು.

ಆದ್ದರಿಂದ ಉಪಾಯ ನನ್ನದೇ. "ಪಿಕಪ್ ಬದಲಾಯ್ಸೋಣ" ಎಂದೆ.

ಪಿಕಪ್ ಎಂದರೆ ಗಿಟಾರಿನ ತಂತಿಗಳ ಕೆಳಗೆ ಕೂತಿರುವ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರ. ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ದಾಟಿಸುವುದು ಅದರ ಕೆಲಸ. ಪಕ್ಕದ ದೀಪ, ಫ್ರಿಜ್ಜುಗಳ ಗೊಣಗಾಟವನ್ನೂ ಹಿಡಿದು ದಾಟಿಸುವುದು ಅದರ ಚಾಳಿ. ಈ ಚಾಳಿಯಿಲ್ಲದ ಪಿಕಪ್ಪುಗಳೂ ಇವೆ.

"ಗುಂಯ್ ಹೋದ್ರೆ ಅದರ ಜೊತೆ ಬ್ಲೂಸೂ ಹೋಗತ್ತೆ ಕಣೇ ಲುವೀ" ಎಂದ ಹೋಸಿಯ. "ಅದು ನನ್ನ ಗಿಟಾರಿನ ಉಸಿರು."

"ಉಸಿರಲ್ಲ, ಗೊರಕೆ. ಸುಮ್ನಿರು. ಆರಿಸೋದು ನಾನು."

ಚರ್ಚಿನ ಗಾಯಕವೃಂದವನ್ನು ನಡೆಸುವವಳು ನಾನು. ಮೂರನೇ ಸಾಲಿನಲ್ಲಿ ಯಾರ ಸ್ವರ ಒಂದೆಳೆ ಕೆಳಗಿಳಿದರೂ ಬೆನ್ನು ತಿರುಗಿಸಿಕೊಂಡೇ ಹೆಸರು ಹಿಡಿದು ಹೇಳಬಲ್ಲ ಈ ದಿವ್ಯ ಕರ್ಣದ್ವಯಕ್ಕಿಂತ ಬೇರೆ ಪರೀಕ್ಷಕರು ಬೇಕೆ? ಮೆಂಫಿಸ್‌ನಲ್ಲಿ ಪಿಕಪ್ ಸುತ್ತುವ ಮುದುಕನೊಬ್ಬ ಮೂರು ಜೋಡಿ ಕಳಿಸಿದ, 'ಬೇಕಾದ್ದು ಇಟ್ಕೊಳ್ಳಿ, ಉಳಿದದ್ದು ವಾಪಸ್ ಕಳಿಸಿ' ಎಂದು. ನನ್ನ ಇಸ್ತ್ರಿ ಹಲಗೆ ಶಸ್ತ್ರಚಿಕಿತ್ಸೆಯ ಮೇಜಾಯಿತು. ಅಡಿಗೆಮನೆಯ ಟ್ಯೂಬ್‌ಲೈಟು, ಫ್ರಿಜ್ಜು ಎರಡನ್ನೂ ಬೇಕೆಂದೇ ಹಾಕಿಟ್ಟೆವು.

ಮೊದಲನೆಯ ಜೋಡಿಗೆ ತಾಮ್ರ ಬಹಳ ಸುತ್ತಿತ್ತು. ಗುಂಯ್ ಇಲ್ಲ, ಆದರೆ ಹೋಸಿಯ ಮೆಲ್ಲಗೆ ಮೀಟಿದರೂ ಅಬ್ಬರ, ಗುದ್ದಿದರೂ ಅದೇ ಅಬ್ಬರ. ಯಾವ ಊಟದ ಮೇಲೂ ಕಾಕಂಬಿ ಸುರಿದ ಹಾಗೆ.

"ಜೋರಾಗಿದೆಯಲ್ಲ!" ಎಂದ ಆಸೆಯಿಂದ.

"ಜೋರಿದ್ದದ್ದೆಲ್ಲ ಅಳು ಆಗಲ್ಲ. ಬಿಚ್ಚು."

ಎರಡನೆಯದು ತೊಳೆದಿಟ್ಟ ಗಾಜು. ಎಲ್ಲ ಸ್ವರವೂ ಸ್ಪಷ್ಟ, ಯಾವುದಕ್ಕೂ ಮೈಯಿಲ್ಲ.

"ಇದಕ್ಕೇನಾಗಿದೆ?"

"ಇದಕ್ಕೇನೂ ಆಗೇ ಇಲ್ಲ. ಅದೇ ತೊಂದರೆ. ಜೀವನದಲ್ಲಿ ಏನೂ ಆಗದೇ ಇರೋರು ಬ್ಲೂಸ್ ಹಾಡಬಾರ್ದು. ಬಿಚ್ಚು."

"ಕಾದ ಕಬ್ಬಿಣ ನನ್ನ ಕೈಯಲ್ಲಿದೆ, ನೆನಪಿರ್ಲಿ" ಎಂದು ಬೆಸುಗೆಯ ಕಡ್ಡಿ ತೋರಿಸಿದ.

ಮೂರನೆಯದರಲ್ಲಿ ತಾಮ್ರ ಕಡಿಮೆ, ಅಯಸ್ಕಾಂತ ಸೌಮ್ಯ, ಒಂದರ ಮೇಲೊಂದು ಕೂತ ಎರಡು ಸುರುಳಿ. ಹೋಸಿಯ ಬೆರಳ ತುದಿಯಿಂದ ಮುಟ್ಟಿದ. ಹಿತ್ತಲ ಬಾಗಿಲಲ್ಲಿ ಯಾರೋ ಮೆಲ್ಲಗೆ ಹೆಸರು ಹಿಡಿದು ಕರೆದಂತಾಯಿತು. ತಂತಿಯನ್ನು ಎಳೆದು ಬಗ್ಗಿಸಿ ಹೊಡೆದ. ಆ ಸ್ವರ ಮೇಲೇರಿ, ಗಂಟಲು ಚೂರೇ ಚೂರು ಒಡೆದು ನಿಂತಿತು. ನಂತರ ಮೌನ. ಫ್ರಿಜ್ಜು ನಡುಗುವುದು, ಹೊರಗೆ ಜೀರುಂಡೆ ಕೂಗುವುದು ಕೇಳಿಸಿತು. ಗಿಟಾರಿನಿಂದ ಏನೂ ಇಲ್ಲ.

ನಾನು ಗುಂಯ್ ಎನ್ನುತ್ತಿದ್ದ ಹಳೆಯ ಪಿಕಪ್ಪುಗಳನ್ನು ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದೆ.

ಶನಿವಾರ ಹೊಲಗಳ ಮೇಲೆ ಬಿಸಿಲಿನ್ನೂ ಇರುವಾಗಲೇ ಟಾಲಿವರನ ಅಂಗಡಿ ತುಂಬಿತ್ತು. ಎಂದಿನಂತೆ ನಾನು ಆಂಪ್ಲಿಫೈಯರಿನ ಪಕ್ಕದ ಕುರ್ಚಿಯಲ್ಲಿ, ನನ್ನ ಪಕ್ಕ ತಂಗಿ ಆರ್ಫಾ. ಅಲ್ಲಿ ಕೂತು ಜನರ ಉಡುಪಿನಿಂದ ಹಿಡಿದು ಮೀನಿನವರೆಗೆ ನಮ್ಮ ಟೀಕೆಟಿಪ್ಪಣಿ ನಡೆಸುವುದು ವರ್ಷಗಳ ಪದ್ಧತಿ. ಟಾಲಿವರ್ ಮೀನಿನ ಬಾಣಲೆಯ ಮುಂದೆ ಕೈಕಟ್ಟಿ ನಿಂತಿದ್ದ. ತಲೆಯ ಮೇಲೆ ನಿಯಾನ್ ದೀಪ ಕೆಂಪಗೆ ಉರಿಯುತ್ತಿತ್ತು. ಹೋಸಿಯ ಪ್ಲಗ್ ಚುಚ್ಚಿದ.

ಸದ್ದೇ ಇಲ್ಲ.

ಟಾಲಿವರನ ಹುಬ್ಬು ಏರಿತು. ಮೊದಲ ಹಾಡು ಮುಗಿದಾಗ ತಲೆಯಾಡಿಸಿದ, ಹೌದೆಂದೋ ಇಲ್ಲವೆಂದೋ ತಿಳಿಯದ ಹಾಗೆ. ಎರಡನೆಯದಕ್ಕೂ ಅಷ್ಟೇ. ಹೆದರಿಕೆಯಾದರೆ ನನಗೆ ಹಸಿವು. ಆರ್ಫಾ ತಂದ ತಟ್ಟೆಯಿಂದ ಮೀನಿನ ತುಂಡು ಬಾಯಿಗಿಟ್ಟುಕೊಂಡೆ.

ಮೂರನೆಯದು ನಿಂತು ನಿಂತು ಹೋಗುವ ಹಾಡು. ಎಲ್ಲ ವಾದ್ಯಗಳೂ ಒಂದು ಪೆಟ್ಟು ಹೊಡೆದು ಗಪ್ಪನೆ ನಿಲ್ಲುತ್ತವೆ, ನಾಲ್ಕೆಣಿಕೆ ಬಿಡುತ್ತವೆ, ಮತ್ತೆ ಪೆಟ್ಟು. ಹಿಂದೆಲ್ಲ ಆ ನಾಲ್ಕೆಣಿಕೆಯ ತುಂಬ ಗುಂಯ್ ಇರುತ್ತಿತ್ತು. ನನ್ನ ಗಂಟಲಿಗೆ ಅದೇ ಅಭ್ಯಾಸ.

ಪೆಟ್ಟು ಬಿತ್ತು. ವಾದ್ಯಗಳು ನಿಂತವು.

"ಮೂರು ವಾರದಿಂದ ಅದೇ ಎಣ್ಣೆ ಕಣೇ ಆರ್ಫಾ! ಪಾಪ ಈ ಮೀನು, ನೀರಿಂದ ತೆಗೆದಾಗ ಒಂದ್ಸಲ ಸತ್ತಿತ್ತು, ಟಾಲಿವರ್ ಬಾಣಲೇಲಿ ಇನ್ನೊಂದ್ಸಲ ಸತ್ತಿದೆ!"

ಆ ತಗಡಿನ ಮನೆಯಲ್ಲಿ ನನ್ನ ಮಾತು ಗೋಡೆಯಿಂದ ಗೋಡೆಗೆ ಹೋಗಿ ತಿರುಗಿ ಬಂತು. ಆರ್ಫಾ ತಟ್ಟೆಯನ್ನು ಮಡಿಲಲ್ಲಿ ಮುಚ್ಚಿಕೊಂಡಳು. ಟಾಲಿವರ್ ಕಟ್ಟಿದ್ದ ಕೈ ಬಿಚ್ಚಿದ. ಮುಂದಿನ ಪೆಟ್ಟು ಬೀಳಬೇಕಾದ ಜಾಗದಲ್ಲಿ ಬೀಳಲಿಲ್ಲ. ಡ್ರಮ್ಮಿನವನ ಕೈ ಗಾಳಿಯಲ್ಲೇ ಇತ್ತು. ನನಗೆ ಕಂಡದ್ದು ಆ ಬಸ್ಸು ಮಾತ್ರ, ದೀಪವಿಲ್ಲದ್ದು.

ಆಗ ಹೋಸಿಯ ಒಂದೇ ಒಂದು ತಂತಿಯನ್ನು ಮೆಲ್ಲಗೆ ಬಗ್ಗಿಸಿದ. ಗಿಟಾರು ಸ್ಪಷ್ಟವಾಗಿ ನಿಟ್ಟುಸಿರು ಬಿಟ್ಟಿತು.

ಹಿಂದಿನ ಮೇಜಿನಿಂದ ಯಾರೋ ಕೂಗಿದರು: "ಹೇಳವ್ವಾ! ನಿಲ್ಲಿಸ್ಬೇಡ!"

"ಎಣ್ಣೆ ವಿಷ್ಯ ಪೂರ್ತಿ ಬರ್ಲಿ!" ಎಂದರು ಇನ್ಯಾರೋ. ನಮ್ಮ ಜನಕ್ಕೆ ಚರ್ಚಾದರೇನು, ಹೆಂಡದಂಗಡಿಯಾದರೇನು, ಒಬ್ಬರು ಸತ್ಯ ನುಡಿದರೆ ಉಳಿದವರು ಜೊತೆಗೂಡದೆ ಇರಲಾರರು.

ಪೆಟ್ಟು ಬಿತ್ತು. ನಾಲ್ಕೆಣಿಕೆಯಲ್ಲಿ ಹೋಸಿಯ ಹಾಡಿದ: "ಟಾಲಿವರಣ್ಣ, ಮುಖ ಬಾಡಿಸ್ಬೇಡ..." ಮತ್ತೆ ಪೆಟ್ಟು. "ಮನೇಲಿ ದಿನಾ ನಂಗೂ ಇದೇ ಕಣೋ!"

ಜನ ಕುರ್ಚಿ ಬಿಟ್ಟೆದ್ದರು. ಹಾಡು ಎಷ್ಟು ಹೊತ್ತು ನಡೆಯಿತೋ ನನಗೆ ಗೊತ್ತಿಲ್ಲ, ನಾನು ನೆಲ ನೋಡುತ್ತಿದ್ದೆ. ಮುಗಿದ ಮೇಲೆ ಟಾಲಿವರ್ ನೇರ ನಮ್ಮತ್ತ ಬಂದ.

"ಶನಿವಾರ ನಿಂದೇ ಹೋಸಿಯ" ಎಂದ. "ಆದ್ರೆ ಆ ಕುರ್ಚಿ ಖಾಲಿ ಇರಬಾರ್ದು. ಅವಳು ಬಂದ್ರೆ ನೀನು." ನನ್ನ ಕಡೆ ತಿರುಗಿ, "ಮುಂದಿನ ವಾರ ಹೊಸ ಎಣ್ಣೆ. ಬಂದು ತಿನ್ನು. ಆಮೇಲೆ ಮಾತಾಡು."

ಮುಂದಿನ ವಾರ ತಿಂದೆ. ಮೀನು ಹೊಂಬಣ್ಣ, ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಹಾಡಿನ ನಿಲುಗಡೆ ಬಂತು. ಇಡೀ ಮನೆ ನನ್ನ ಬಾಯಿ ನೋಡಿತು. ಹೋಸಿಯ ಗಿಟಾರಿನ ಮೇಲೆ ಕೈಯಿಟ್ಟು ಕಾಯುತ್ತಿದ್ದ. ಬೈಯಲು ಏನೂ ಇರಲಿಲ್ಲ.

"ಉಪ್ಪು... ಕಮ್ಮಿ!" ಎಂದೆ, ಅವನ ಶನಿವಾರಕ್ಕೋಸ್ಕರ. ಜನ ಕುಣಿದರು. ಟಾಲಿವರ್ ಅದರ ಮುಂದಿನ ವಾರ ಉಪ್ಪು ಸರಿಮಾಡಿದ. ನಾನು ಕಾರ ಎಂದೆ. ಕಾರವೂ ಸರಿಹೋಯಿತು. ಹೀಗೆ ನನ್ನ ಸುಳ್ಳುಗಳ ಮೇಲೆ ಅವನ ಮೀನು ಊರಿಗೇ ಹೆಸರಾಯಿತು.

ಮೊನ್ನೆ ಶುಕ್ರವಾರ ಎಂದಿನಂತೆ ನಾನು ಮನೆಯಲ್ಲಿ ಮೀನು ಕರಿದೆ. ಹೋಸಿಯ ಮೂಲೆಯಲ್ಲಿ ಗಿಟಾರಿಗೆ ಪ್ಲಗ್ ಚುಚ್ಚಿಟ್ಟು ಬಂದು ಕೂತು, ಒಂದು ತುಂಡು ಬಾಯಿಗಿಟ್ಟುಕೊಂಡು ಅಗಿದ. ಇನ್ನೂ ಅಗಿದ. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಅವನು ನುಂಗಿದ್ದೂ ಕೇಳಿಸಿತು.

ನಾಲ್ಕೆಣಿಕೆ ಕಳೆಯಿತು.

"ಲುವೀ" ಎಂದ ಬಹಳ ಮೆತ್ತಗೆ, "ಇದಕ್ಕೇನು ಹಾಕ್ತಾನೆ ಅಂತ ಟಾಲಿವರ್‌ನ ಒಂದು ಮಾತು ಕೇಳಬಹುದಲ್ವಾ?"

ನಾನು ಎದ್ದು ಹೋಗಿ ಹಳೆಯ ಗುಂಯ್ ಮುಚ್ಚಿಟ್ಟಿದ್ದ ಬಿಸ್ಕತ್ತಿನ ಡಬ್ಬ ಹುಡುಕತೊಡಗಿದೆ.