ಹಡಗು ತಪ್ಪಿದ ರಾಜಕುಮಾರ, ತಲೆ ತಗ್ಗಿಸಿದ ಅತ್ತೆ

"ಹನ್ನೆರಡನೇ ಶತಮಾನದ ಯೂರೋಪನ್ನ ಇನ್ಮೇಲೆ ನಾನು ನೋಡ್ಕೋತೀನಿ," ಎಂದು ಒಂದು ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಘೋಷಿಸಿದವನು ಬಸ್ ಡಿಪೋದಲ್ಲಿ ವೇಳಾಪಟ್ಟಿ ಹಾಕುವ ಗುಮಾಸ್ತ. "ಮೊದಲು ಬಚ್ಚಲಿನ ನಲ್ಲಿ ನೋಡ್ಕೊಳ್ಳಿ, ಸೋರ್ತಿದೆ," ಎಂದಳು ಹೆಂಡತಿ ಅಡುಗೆಮನೆಯಿಂದ. ಮಹಾಕಾರ್ಯಗಳಿಗೆ ಮೊದಲ ವಿಘ್ನ ಮನೆಯೊಳಗಿಂದಲೇ ಬರುವುದು!

ಯೋಜನೆ ಸಣ್ಣದೇನಲ್ಲ. ಮಧ್ಯಯುಗದಲ್ಲಿ ಒಬ್ಬ ರಾಜಕುಮಾರ ಕುಡಿದು ತೂರಾಡುವ ನಾವಿಕರ ಹಡಗು ಹತ್ತಿದ. ಅದು ಬಂಡೆಗೆ ಬಡಿದು ಮುಳುಗಿತು, ಸಿಂಹಾಸನಕ್ಕೆ ವಾರಸುದಾರನಿಲ್ಲದೆ ದೇಶ ವರ್ಷಗಟ್ಟಲೆ ಹೊಡೆದಾಡಿತು. ಹೀಗೆಂದು ಅವನು ಎಲ್ಲೋ ಓದಿದ್ದ. ಆ ಹುಡುಗ ಆ ಹಡಗು ಬಿಟ್ಟು ಮುಂದಿನದನ್ನು ಹಿಡಿದಿದ್ದರೆ? ಬಸ್ಸು ತಪ್ಪುವುದರ ಮಹಿಮೆ ಅರಿತ ತಲೆಗೆ ಅಷ್ಟು ಸಾಕಾಯಿತು. ಇಡೀ ಯೂರೋಪಿನ ಹಣೆಬರಹ ತಿದ್ದಲು ಕೂತುಬಿಟ್ಟ. ಡಿಪೋದ ಕಂಡಕ್ಟರುಗಳು ಅವನಿಗೆ 'ಚಕ್ರವರ್ತಿ' ಎಂದು ಹೆಸರಿಟ್ಟರು. "ಚಕ್ರವರ್ತಿಗಳೇ, ನಿಮ್ಮ ಯೂರೋಪಿಗೆ ಕೊನೇ ಬಸ್ಸು ಎಷ್ಟು ಗಂಟೆಗೆ?" ಎಂದು ಕಿಟಕಿಯಲ್ಲಿ ಇಣುಕಿ ಕೇಳುವುದು ಅವರಿಗೊಂದು ಚಾಳಿಯಾಯಿತು.

ಅವನ ಹಾಳೆಗಳಲ್ಲಿ ಬದುಕುಳಿದ ರಾಜಕುಮಾರ ಪಟ್ಟಕ್ಕೆ ಬಂದ. ದಂಡೆತ್ತಿ ಹೋಗಿ ಒಂದು ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಹಟ ಹಿಡಿದು ಕೂತವಳು ಅವನದೇ ಸೋದರತ್ತೆ. ಅಲ್ಲಿಗೆ ಚಕ್ರವರ್ತಿಯ ಬುದ್ಧಿಗೂ ಮುತ್ತಿಗೆ ಬಿತ್ತು. ಒಳಗಿನವರು ಹೊರಗೆ ಬರಲೊಲ್ಲರು, ಹೊರಗಿನವರಿಗೆ ಒಳಗೆ ಹೋಗುವ ದಾರಿ ಹೊಳೆಯದು. ತಿಂಗಳುಗಟ್ಟಲೆ ತಲೆ ಕೆರೆದುಕೊಂಡು ಕಡೆಗೆ, "ಯೂರೋಪು ಹೇಗಿತ್ತೋ ಹಾಗೇ ಇರಲಿ, ನನ್ನಪ್ಪನ ಗಂಟೇನು ಹೋಗ್ಬೇಕು," ಎಂದು ಹಾಳೆಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಎಸೆದ.

ಆಗ ಬಂದರು ಅತ್ತೆ, ಹೆಂಡತಿಯ ತಾಯಿ. ಕಣ್ಣಿನ ಒಳಪರದೆ ಕಿತ್ತುಬಂದು ಆಪರೇಷನ್ ಆಗಿತ್ತು. ಪರದೆಯನ್ನು ಒತ್ತಿ ಹಿಡಿಯಲು ಕಣ್ಣೊಳಗೊಂದು ಗಾಳಿಗುಳ್ಳೆ ಬಿಟ್ಟಿದ್ದರು. "ನಾನು ಹೇಳೋವರೆಗೂ ಮುಖ ಕೆಳಗೆ ಮಾಡ್ಕೊಂಡೇ ಇರ್ಬೇಕು. ತಲೆ ಎತ್ತಿದ್ರೆ ಕಣ್ಣು ಹೋದ ಹಾಗೇ," ಎಂದಿದ್ದರು ಡಾಕ್ಟರು. ಅತ್ತೆಯಾದರೋ ನಿವೃತ್ತ ಹೆಡ್ ನರ್ಸು. ದೊಡ್ಡ ಡಾಕ್ಟರುಗಳ ಎದುರಿಗೂ ತಲೆ ತಗ್ಗಿಸಿದವರಲ್ಲ. ಬೋರಲು ಮಲಗಿ, ಮಂಚದ ಅಂಚಿನಾಚೆ ಮುಖ ಇಳಿಬಿಟ್ಟು ನೆಲ ನೋಡುತ್ತಿರುವುದೆಂದರೆ ಅವರಿಗೆ ಜೀವ ಹೋದಷ್ಟು ಕಷ್ಟ. ಹಾಲು ಉಕ್ಕಿದರೆ ತಲೆ ಏಳುತ್ತಿತ್ತು. ಯಾರೋ ಬಾಗಿಲು ಬಡಿದರೆ ಏಳುತ್ತಿತ್ತು. ಪ್ರತಿಸಲವೂ ಮಗಳ ಎದೆ ಧಸಕ್ಕೆನ್ನುತ್ತಿತ್ತು.

ಮಗಳು ಹಲ್ಲಿನ ಡಾಕ್ಟರ ಸಹಾಯಕಿ. ಬಾಯಿ ತೆರೆದು ಮಲಗಿದವರನ್ನು ಬರೀ ಮಾತಿನಲ್ಲಿ ಅಲುಗಾಡದಂತೆ ಹಿಡಿಯುವುದು ಅವಳ ದಿನನಿತ್ಯದ ಕೆಲಸ. ದಿಂಬಿಗೆಂದು ಅಟ್ಟ ಹತ್ತಿದವಳ ಕೈಗೆ ಗಂಡನ ಯೂರೋಪು ಸಿಕ್ಕಿತು. ಅಮ್ಮನ ಮುಖದ ಕೆಳಗೆ ನೆಲದ ಮೇಲೆ ಕೂತು ಓದತೊಡಗಿದಳು. ತಲೆ ಅಲುಗಲಿಲ್ಲ.

ಒಂದು ಸಂಜೆ ಡಿಪೋದಿಂದ ಬಂದ ಚಕ್ರವರ್ತಿ ಹೊಸ್ತಿಲಲ್ಲೇ ನಿಂತ. ಒಳಗಿಂದ ತನ್ನ ಯೂರೋಪು ಕೇಳಿಸುತ್ತಿದೆ! ಎದೆಯುಬ್ಬಿಸಿ ಕಿವಿಗೊಟ್ಟ. "ಆಗ ಸೋದರತ್ತೆ ದೊಡ್ಡ ಹಂಡೆಗೆ ನೀರು ಹಾಕಿ ಕೋಟೆ ಮಂದಿಗೆಲ್ಲ ಆಲೂಗಡ್ಡೆ ಬೇಯಿಸಿದಳು," ಎಂದಳು ಹೆಂಡತಿ. ಅವನು ಅವಳನ್ನು ಅಡುಗೆಮನೆಗೆ ಕರೆದ.

"ಆಲೂಗಡ್ಡೆ ಎಲ್ಲಿಂದ ಬಂತೇ? ಆ ಕಾಲದಲ್ಲಿ ಯೂರೋಪಿನೋರು ಆಲೂಗಡ್ಡೆ ಕಣ್ಣಲ್ಲಿ ಕಂಡಿರಲಿಲ್ಲ."

"ನೀವು ಬರೆದಿದ್ದು ಮೊನ್ನೇನೇ ಮುಗೀತು. ಪಾಪ, ಒಳಗಿದ್ದೋರು ಏನು ತಿನ್ಬೇಕು, ಕಲ್ಲಾ?"

"ಇತಿಹಾಸ ಕಣೇ ಇದು."

"ಮುಳುಗಿ ಸತ್ತ ಹುಡುಗನ್ನ ನೀವು ಬದುಕಿಸಬಹುದು, ನಾನು ನಾಲ್ಕು ಆಲೂಗಡ್ಡೆ ಬೇಯಿಸಬಾರದಾ?"

ಉತ್ತರವಿಲ್ಲದಾಗ ಗಂಡಸರು ಮಾಡುವಂತೆ ಅವನು ಜವಾಬ್ದಾರಿ ಹೊತ್ತುಕೊಂಡ. "ನಾಳೆ ರಜಾ ಹಾಕ್ತೀನಿ. ನೀನು ಕ್ಲಿನಿಕ್ಕಿಗೆ ಹೋಗು. ಯೂರೋಪನ್ನ ಸರಿದಾರಿಗೆ ತರ್ತೀನಿ."

ಮರುದಿನ ಮಂಚದಂಚಿನ ಕೆಳಗೆ ಅಂಗಾತ ಮಲಗಿ ಶುರುಮಾಡಿದ. ಆಲೂಗಡ್ಡೆಯನ್ನೂ ಮುತ್ತಿಗೆಯನ್ನೂ ಒಂದೇ ಏಟಿಗೆ ಮುಗಿಸುವ ಉಪಾಯ ಹೊಳೆದಿತ್ತು. "ಆ ಗಡ್ಡೆ ವಿಷದ್ದಾಗಿತ್ತು. ಸೋದರತ್ತೆ ಒಂದು ತುತ್ತು ತಿಂದಳು, ಸತ್ತಳು. ಕೋಟೆ ಬಾಗಿಲು ತೆರೀತು."

ಮೇಲಿನಿಂದ ಅತ್ತೆಯ ದನಿ ಬಂತು, "ಯಾರು ಸತ್ರು?"

"ಸೋದರತ್ತೆ."

"ನೆನ್ನೆ ಇಡೀ ಕೋಟೆಗೆ ಅನ್ನ ಹಾಕಿದೋಳಾ?"

"ಹೌದತ್ತೆ."

"ಏನಳಿಯಂದಿರೇ ನೀವು..." ಎನ್ನುತ್ತ ಅತ್ತೆಯ ಗಲ್ಲ ದಿಂಬು ಬಿಟ್ಟು ಮೇಲಕ್ಕೆ ಹೊರಟಿತು. "ಇಲ್ಲ, ಸತ್ತಿಲ್ಲ!" ಎಂದು ಅವನು ದಡಕ್ಕನೆ ಎದ್ದ. ತಾನು ಎಲ್ಲಿ ಮಲಗಿದ್ದೇನೆಂಬುದು ಮರೆತೇ ಹೋಗಿತ್ತು. ಹಣೆ ಮಂಚದ ಪಟ್ಟಿಗೆ ಬಡಿದ ಸದ್ದಿಗೆ ಅಲಮಾರಿನ ಪಾತ್ರೆಗಳೂ ಬೆಚ್ಚಿದವು.

"ಮೂರ್ಛೆ ಅತ್ತೆ, ಬರೀ ಮೂರ್ಛೆ," ಎಂದ ನರಳುತ್ತ.

"ನಾಡಿ ನೋಡಿದ್ರಾ ಯಾರಾದ್ರೂ?"

"ನೋಡಿದ್ರು. ಆಡ್ತಿದೆ."

"ಕಾಲು ಎತ್ತರಕ್ಕಿಡಿಸಿ. ಗಾಳಿ ಬಿಡಿ ಅಂತ ಹೇಳಿ, ಸುತ್ತ ನಿಂತಿರೋರಿಗೆ."

"ಹೇಳಿದೆ ಅತ್ತೆ."

ತಲೆ ಮೆಲ್ಲಗೆ ಕೆಳಗಿಳಿಯಿತು. ಅವನು ಒಂದು ಕೈಯಲ್ಲಿ ಊದುತ್ತಿರುವ ಹಣೆ ಒತ್ತಿಕೊಂಡು, ಇನ್ನೊಂದು ಕೈಯಾಡಿಸುತ್ತ, ಸೋದರತ್ತೆಯ ಹೋದ ಪ್ರಾಣವನ್ನು ಗಂಟೆಗಟ್ಟಲೆ ಹಿಂದಕ್ಕೆ ಕರೆದ. ಹೆಂಡತಿ ಮನೆಗೆ ಬರುವ ಹೊತ್ತಿಗೆ ಸೋದರತ್ತೆ ಎದ್ದು ಕೂತಿದ್ದಳು, ದಂಡೆತ್ತಿ ಬಂದ ರಾಜಕುಮಾರ ಅವಳ ಹಂಡೆ ತಿಕ್ಕುತ್ತಿದ್ದ.

"ಏನ್ರೀ ಇದು ಹಣೇಲಿ?"

"ಯುದ್ಧದ ಗಾಯ."

ಅವಳು ತಣ್ಣೀರು ಬಟ್ಟೆ ಒತ್ತಿದಳು. "ಅಮ್ಮ ತಲೆ ಎತ್ತಲಿಲ್ಲ ತಾನೇ?"

"ಒಂಚೂರು ಎತ್ತಿದ್ರು. ತಕ್ಷಣ ಇಳಿಸಿದ್ರು." ಆಮೇಲೆ ಸಣ್ಣ ದನಿಯಲ್ಲಿ, "ತುಂಬಾ ಭಯ ಆಯ್ತು ಕಣೇ. ನನ್ನಿಂದ ಅವರ ಕಣ್ಣು ಹೋಗಿದ್ರೆ?"

ಅವಳು ಬಟ್ಟೆ ಹಿಂಡಿ ಮತ್ತೆ ಒತ್ತಿದಳು, ಕೈಯನ್ನು ಅಲ್ಲೇ ಇಟ್ಟುಕೊಂಡಳು. ಇಷ್ಟು ವರ್ಷದ ಸಂಸಾರದಲ್ಲಿ ಅವನಿಗೆ ಅವಳ ಮೇಲೆ ಅಷ್ಟು ಪ್ರೀತಿ ಬಂದದ್ದು ಕಡಿಮೆ.

ಅಂದಿನಿಂದ ಗಂಡಹೆಂಡಿರು ಪಾಳಿಯ ಮೇಲೆ ಯೂರೋಪನ್ನು ಆಳಿದರು. ಅತ್ತೆಯ ತಲೆ ತಗ್ಗಿಯೇ ಇತ್ತು. ಇತ್ತ ಚಕ್ರವರ್ತಿಯ ಹಳೇ ಹುರುಪು ಗರಿಗೆದರಿತು. ಬಾಯಲ್ಲಿ ಹೇಳುವುದು ಹೇಗಾದರೂ ಇರಲಿ, ಬರಹ ಶುದ್ಧವಾಗಿರಬೇಕೆಂದು ಊಟದ ವಿರಾಮದಲ್ಲಿ ಡಿಪೋದ ಮೇಜಿನ ಮೇಲೆ ಎಲ್ಲವನ್ನೂ ಹೊಸದಾಗಿ ಬರೆದ. ಹಂಡೆ ತೆಗೆದ. ಮೂರ್ಛೆ ತೆಗೆದ. ಸಮುದ್ರದ ಉಬ್ಬರ ಇಳಿತದ ವೇಳೆ, ಕುದುರೆಗಳಿಗೆ ಹುಲ್ಲು ಸಾಗಿಸುವ ಸರದಿ, ಸೇತುವೆ ದಾಟುವ ಗಾಡಿಗಳ ಅಂತರ, ಎಲ್ಲ ಕರಾರುವಾಕ್ಕಾಗಿ ಸೇರಿಸಿದ. ಓದಿ ತಾನೇ ಬೆರಗಾದ.

ಗುಳ್ಳೆ ಪೂರ್ತಿ ಕರಗಿದ ಮೇಲೆ ಡಾಕ್ಟರು ಅತ್ತೆಯ ಇನ್ನೊಂದು ಕಣ್ಣು ಮುಚ್ಚಿ ಅಕ್ಷರ ಓದಿಸುವ ರಟ್ಟು ಹಿಡಿದರು. ಅತ್ತೆ ಅದನ್ನು ಪಕ್ಕಕ್ಕೆ ಸರಿಸಿದರು. "ಇದು ಬೇಡ. ನಮ್ಮಳಿಯಂದಿರು ಬರೆದದ್ದಿದೆ. ಈ ಕಣ್ಣು ಮೊದಲು ಅದನ್ನೇ ಓದಲಿ."

ಅವನು ಚೀಲ ತೆರೆದು ಹೊಸ ಪ್ರತಿ ಕೊಟ್ಟ. ಅತ್ತೆ ಒಂದು ಪುಟ ಓದಿದರು, ಎರಡು ಓದಿದರು. ಹೆಂಡತಿ ಅವನ ಮುಂಗೈಯನ್ನು ಮೂಳೆ ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

"ಹೇಗಿದೆಯಮ್ಮಾ?" ಎಂದರು ಡಾಕ್ಟರು.

"ಅಕ್ಷರ ಒಂದೊಂದೂ ಸ್ಪಷ್ಟವಾಗಿ ಕಾಣ್ತಿದೆ."

ಹೆಂಡತಿ ಅಳತೊಡಗಿದಳು. ಚಕ್ರವರ್ತಿಯ ಕಣ್ಣೂ ತುಂಬಿ ಬಂತು. ಅತ್ತೆ ಮತ್ತೊಂದು ಪುಟ ತಿರುಗಿಸಿದರು, ಹಾಳೆಯನ್ನು ಬೆಳಕಿಗೆ ಹಿಡಿದರು, ಹಿಂದೆ ಮುಂದೆ ಮಾಡಿ ನೋಡಿದರು.

"ಕತೆ ಮಾತ್ರ ಎಲ್ಲೂ ಕಾಣ್ತಿಲ್ಲ ಡಾಕ್ಟ್ರೇ," ಎಂದರು.