ಹುಳದ ನಾತ, ಗುಲಾಬಿ ಅತ್ತರು

ವಯಸ್ಸಾದ ಮೇಲೆ ಒಬ್ಬರಿಗೆ ದೇವರ ಮೇಲೆ ಆಸೆ ಹುಟ್ಟುತ್ತದೆ, ಇನ್ನೊಬ್ಬರಿಗೆ ಸೈಟಿನ ಮೇಲೆ. ನನಗೆ ಐವತ್ತೆರಡನೇ ವರ್ಷದಲ್ಲಿ ಗುಲಾಬಿ ಸೆಂಟಿನ ಮೇಲೆ ಹುಟ್ಟಿತು. ಅಲ್ಲಿಂದೀಚೆಗೆ ನಾನು ಮೂಗು ಮುಂದೆ ಮಾಡಿಕೊಂಡು ಹೋದ ಕಡೆಯಲ್ಲೆಲ್ಲ ಏನಾದರೊಂದು ಎಡವಟ್ಟು ಆಗುತ್ತಲೇ ಇದೆ.

ನಾನು ರಾಮನಗರದಲ್ಲಿ ರೇಷ್ಮೆ ರೀಲರ್. ಅಂದರೆ ಮಾರ್ಕೆಟ್ಟಿನಿಂದ ಗೂಡು ತಂದು, ಬಿಸಿನೀರಿಗೆ ಹಾಕಿ, ನೂಲು ಬಿಚ್ಚುವವನು. ನೂಲು ಸೀರೆಯಾಗಿ ಮದುವೆಮನೆಗೆ ಹೋಗುತ್ತದೆ. ಗೂಡಿನೊಳಗಿನ ಬೆಂದ ಹುಳ ನಮ್ಮ ಪಾಲಿಗೆ ಉಳಿಯುತ್ತದೆ. ಅದರ ನಾತವನ್ನು ಬರೆದು ತಿಳಿಸಲು ಆಗುವುದಿಲ್ಲ. ಮೂರು ಸಲ ಸೋಪು ಹಚ್ಚಿ ಮಿಂದರೆ, ಸೋಪೇ ಹುಳದ ವಾಸನೆ ಹೊಡೆಯಲು ಶುರುಮಾಡುತ್ತದೆ.

ಇದು ನನಗೆ ಗೊತ್ತೇ ಇರಲಿಲ್ಲ. ದಿನಾ ಅದರಲ್ಲೇ ಇರುವ ಮೂಗಿಗೆ ಏನು ಗೊತ್ತಾಗುತ್ತದೆ? ಮಾಗಡಿಯಲ್ಲಿ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋದಾಗ ಪಂಕ್ತಿಯಲ್ಲಿ ನನ್ನ ಎಡಕ್ಕೆ ಎರಡು ಎಲೆ, ಬಲಕ್ಕೆ ಎರಡು ಎಲೆ ಖಾಲಿ ಉಳಿದವು. ಬಡಿಸುವವನು ಹೋಳಿಗೆಯನ್ನು ಒಂದು ಮಾರು ದೂರದಿಂದಲೇ ಎಸೆದು ಹೋದ. ಮನೆಗೆ ಬಂದ ಮೇಲೆ ನಮ್ಮನೆಯವಳು ಸೆರಗು ಸೊಂಟಕ್ಕೆ ಸಿಗಿಸಿ ನಿಂತಳು.

"ಇಷ್ಟು ವರ್ಸ ಉಸುರು ಬಿಗಿಹಿಡ್ಕಂಡು ಸಂಸಾರ ಮಾಡಿವ್ನಿ ಕಣ್ರೀ. ಇನ್ನು ನನ್ ಕೈಲಿ ಆಗಾಕಿಲ್ಲ. ಏನಾರ ಹಚ್ಕಳಿ."

ಮಾಗಡಿಯ ಶಾಲೆಯೊಂದರಲ್ಲಿ ಪಾಠ ಹೇಳುವ ನನ್ನ ಮಗಳು ಬುದ್ಧಿ ಹೇಳಿದಳು. "ಅಪ್ಪಾ, ಗುಲಾಬಿ, ಮಲ್ಲಿಗೆ ಥರದ ಹೂವಿನ ಸೆಂಟು ನೋಡು. ಒಂದೇ ಸಲ ದೊಡ್ಡ ಬಾಟ್ಲು ತರಬೇಡ. ಒಂದೊಂದು ಮೈಗೆ ಒಂದೊಂದು ಥರ ಆಗುತ್ತೆ. ಮೊದಲು ಸ್ಯಾಂಪಲ್ ಕೇಳು."

ಹೀಗೆ ಶುರುವಾಯಿತು ನನ್ನ ಸ್ಯಾಂಪಲ್ ಬೇಟೆ.

೧. ಸ್ಟಾಕ್ ಇಲ್ಲ

ಮೊದಲು ಹೋದದ್ದು ನಮ್ಮೂರಿನದೇ ಒಂದು ಅತ್ತರಿನ ಅಂಗಡಿಗೆ. ಅಂಗಡಿಯ ಹಿರಿಯರನ್ನು ಎಲ್ಲರೂ ಭಾಯ್ ಎನ್ನುತ್ತಾರೆ. ಬಿಳಿ ಗಡ್ಡ, ಮೆತ್ತನೆ ಮಾತು. ಗಾಜಿನ ಕಡ್ಡಿಯನ್ನು ಶೀಶೆಯಲ್ಲಿ ಅದ್ದಿ ನನ್ನ ಮಣಿಕಟ್ಟಿಗೆ ಒಂದು ಗೆರೆ ಎಳೆದರು.

"ಇದು ದೇಸಿ ಗುಲಾಬಿ. ನೋಡಿ ಗೌಡ್ರೇ."

ನೋಡಿದೆ. ಚೆನ್ನಾಗಿತ್ತು. ಅದರ ಮೇಲಕ್ಕೆ ಇನ್ನೊಂದು ಗುಲಾಬಿ, ಅದರ ಮೇಲೆ ಸಂಪಿಗೆ, ಆಮೇಲೆ ಮಲ್ಲಿಗೆ, ಕೇದಗೆ. ಎಡಗೈ ಮೊಣಕೈವರೆಗೆ ತುಂಬಿತು. ಬಲಗೈಯೂ ತುಂಬಿತು. ಕಿವಿ ಹಿಂದೆ ಎರಡು ಹಿಡಿದವು. ನಾನು ಪ್ಯಾಂಟಿನ ಕಾಲು ಮಡಚಲು ಬಗ್ಗಿದಾಗ ಭಾಯ್ ತಡೆದರು.

"ಸಾಕು. ಈಗ ನಿಮ್ಮ ಮೂಗಿಗೆ ದಣಿವಾಗಿದೆ. ಯಾವುದು ಯಾವುದು ಅಂತ ಗೊತ್ತಾಗಲ್ಲ. ಒಂದು ನಿಮಿಷ ನಿಮ್ಮ ಅಂಗಿಯನ್ನೇ ಮೂಸಿ. ಸ್ವಂತ ಬಟ್ಟೆ ಮೂಸಿದರೆ ಮೂಗು ಮತ್ತೆ ಹೊಸದಾಗುತ್ತೆ."

ನಾನು ಕಾಲರ್ ಎಳೆದು ಮೂಸಿದೆ. ಏನೂ ಗೊತ್ತಾಗಲಿಲ್ಲ. "ಏನೂ ವಾಸನೆಯೇ ಇಲ್ವಲ್ಲ ಭಾಯ್" ಎಂದೆ. ಅವರು ಮುಂದೆ ಬಾಗಿ ಅದೇ ಕಾಲರನ್ನು ಒಮ್ಮೆ ಮೂಸಿದರು. ಹಿಂದಕ್ಕೆ ಸರಿದರು. ಸ್ಟೂಲಿನ ಮೇಲೆ ಕೂತರು. ನೀರು ಕುಡಿದರು. ನಲವತ್ತು ವರ್ಷ ಅತ್ತರು ಮಾರಿದ ಮನುಷ್ಯ, ಗಿರಾಕಿಯನ್ನು ನೋಯಿಸುವ ಮಾತು ಅವರ ಬಾಯಲ್ಲಿ ಬರುವುದಿಲ್ಲ.

"ಇದು," ಎಂದರು, "ನಮ್ಮಲ್ಲಿ ಸ್ಟಾಕ್ ಇಲ್ಲ."

೨. ಸೀಟು

ಭಾಯ್ ಕೊಟ್ಟ ಪುಟ್ಟ ಶೀಶೆಯ ದೇಸಿ ಗುಲಾಬಿಯನ್ನು ಹಚ್ಚಿಕೊಂಡು ಮಾರನೇ ದಿನ ಗೂಡು ನೋಡಲು ಕನಕಪುರದ ಬಸ್ಸು ಹತ್ತಿದೆ.

ಒಂದು ಮಾತು ಹೇಳಬೇಕು. ಆ ದಾರಿಯ ಬಸ್ಸು ಯಾವತ್ತೂ ತುಂಬಿರುತ್ತದೆ. ಆದರೂ ನನಗೆ ಒಂದು ದಿನವೂ ಸೀಟಿಲ್ಲ ಎಂದಾಗಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ನಿಂತರೆ ಸಾಕು, ಕೂತವರು ಎದ್ದು, "ಬನ್ನಿ, ಕೂತ್ಕಳಿ, ನಾನು ಇಲ್ಲೇ ಇಳೀತೀನಿ" ಎನ್ನುತ್ತಿದ್ದರು. ಎಂಥ ಸಂಸ್ಕಾರವಂತ ಜನ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಆವತ್ತು ಘಮಘಮ ಎಂದು ಹತ್ತಿದೆ. ಯಾರೂ ಏಳಲಿಲ್ಲ. ಅಷ್ಟೇ ಅಲ್ಲ, ಜನ ಇನ್ನೂ ಹತ್ತಿರಕ್ಕೇ ಬಂದರು. ಒಬ್ಬ ನನ್ನ ಭುಜಕ್ಕೆ ತಲೆ ಕೊಟ್ಟು ನಿದ್ದೆಯನ್ನೂ ಮಾಡಿದ. ಕನಕಪುರದವರೆಗೂ ಒಂಟಿಕಾಲಿನಲ್ಲಿ ನಿಂತು ಹೋದೆ.

ಇಳಿಯುವಾಗ ಪರಿಚಯದ ಕಂಡಕ್ಟರು ಕಿವಿಯಲ್ಲಿ ಹೇಳಿದ. "ಯಜಮಾನ್ರೇ, ನಾಳೆಯಿಂದ ಮಾಮೂಲಿನಂಗೇ ಬನ್ನಿ. ನೀವು ಹತ್ತುದ್ರೆ ಹಿಂದುಗಡೆ ಜನ ಮುಂದುಕ್ ಹೋಯ್ತಿದ್ರು. ಇವತ್ತು ಕೂಗಿ ಕೂಗಿ ನನ್ ಗಂಟ್ಲು ಬಿದ್ದೋಯ್ತು."

೩. ಎಂಟು ಕಾಗದ

ಬೆಂಗಳೂರಿನ ಮಾಲ್‌ಗಳಲ್ಲಿ ಸ್ಯಾಂಪಲ್ ಪುಕ್ಕಟೆ ಎಂದು ಮಗಳು ಹೇಳಿದ್ದಳು. ಹೋದೆ. ಕೌಂಟರಿನ ಹುಡುಗಿ ಬಾಟಲಿಯನ್ನು ನನಗೆ ಕೊಡಲಿಲ್ಲ. ಉದ್ದನೆಯ ಕಾಗದದ ಪಟ್ಟಿಗೆ ಪುಸ್ ಎಂದು ಹೊಡೆದು, ಗಾಳಿಯಲ್ಲಿ ಬೀಸಿ, ಅದನ್ನು ಕೊಟ್ಟಳು. ಒಂದಲ್ಲ, ಏಳು ಕಾಗದ. ಎಲ್ಲವನ್ನೂ ಜೇಬಿನಲ್ಲಿಟ್ಟುಕೊಂಡು ಸ್ಟೇಷನ್ನಿಗೆ ಬಂದು, ಟಿಕೆಟ್ ತೆಗೆದುಕೊಂಡು, ಅದನ್ನೂ ಅದೇ ಜೇಬಿಗೆ ಹಾಕಿ ರೈಲು ಹತ್ತಿದೆ.

ಬಿಡದಿ ದಾಟಿದ ಮೇಲೆ ಟಿಕೆಟ್ ನೋಡುವವರು ಬಂದರು. ಜೇಬಿಗೆ ಕೈ ಹಾಕಿ ಒಂದು ಕಾಗದ ಕೊಟ್ಟೆ. ಅವರು ತಿರುಗಿಸಿ ನೋಡಿದರು. ಮೂಗಿನ ಹತ್ತಿರ ತಂದರು.

"ಇದು ಮಲ್ಲಿಗೆ" ಎಂದರು.

ಇನ್ನೊಂದು ಕೊಟ್ಟೆ. "ಇದು ಗುಲಾಬಿ. ಟಿಕೆಟ್ ಕೊಡಿ ಸ್ವಾಮಿ."

ನಾನು ಗಾಬರಿಯಲ್ಲಿ ಎಲ್ಲವನ್ನೂ ಹೊರಗೆ ತೆಗೆದೆ. ಅಕ್ಕಪಕ್ಕದವರು ಸಹಾಯಕ್ಕೆ ಬಂದರು. ಒಬ್ಬೊಬ್ಬರು ಒಂದೊಂದು ಕಾಗದ ಹಿಡಿದು ಮೂಸತೊಡಗಿದರು. ಒಬ್ಬ ಅಜ್ಜಿ ಒಂದನ್ನು ಮೂಸಿ, ತುರುಬಿಗೆ ಸಿಗಿಸಿಕೊಂಡಳು. ಕಿಟಕಿ ಪಕ್ಕದಲ್ಲಿದ್ದ ಚನ್ನಪಟ್ಟಣದ ಮನುಷ್ಯ ಎಂಟನೆಯ ಕಾಗದವನ್ನು ಎರಡು ಸಲ ಮೂಸಿದ, ಮುಖ ಸಿಂಡರಿಸಿದ.

"ಇದ್ರಲ್ಲಿ ಒಸಿನೂ ಘಮ ಇಲ್ಲ ಕಣಣ್ಣೋ. ನಿಂಗೆ ಮೋಸ ಮಾಡವ್ರೆ" ಎಂದವನೇ ಕಿಟಕಿಯಿಂದ ಹೊರಕ್ಕೆ ಎಸೆದುಬಿಟ್ಟ.

ಟಿಕೆಟ್ ನೋಡುವವರು ಕಿಟಕಿಯನ್ನು ನೋಡಿದರು, ನನ್ನನ್ನು ನೋಡಿದರು, ತಮ್ಮ ಪುಸ್ತಕ ತೆಗೆದು ಹಾಳೆ ಮಗುಚಿದರು, ಮುಚ್ಚಿದರು.

"ಟಿಕೆಟ್ ಇತ್ತು, ಕಣ್ಣಾರೆ ನೋಡಿದೀನಿ. ಈಗ ಇಲ್ಲ, ಅದನ್ನೂ ನೋಡಿದೀನಿ. ಇಂಥದ್ದಕ್ಕೆ ದಂಡ ಎಷ್ಟು ಅಂತ ಇದರಲ್ಲಿ ಬರೆದಿಲ್ಲ" ಎಂದು, ಗುಲಾಬಿಯ ಕಾಗದವನ್ನು ತಮ್ಮ ಕೋಟಿನ ಜೇಬಿಗೆ ಸಿಕ್ಕಿಸಿಕೊಂಡು ಮುಂದಕ್ಕೆ ಹೋದರು.

೪. ಬಲ್ಗೇರಿಯಾದ ಔಸ್ದಿ

ಕಾಗದದ ಸಹವಾಸ ಸಾಕೆನಿಸಿ ಮಗಳ ಫೋನಿನಲ್ಲಿ ಆನ್‌ಲೈನ್ ಸ್ಯಾಂಪಲ್ ಪೆಟ್ಟಿಗೆ ತರಿಸಿದೆ. ಹತ್ತು ಶೀಶೆ. ಒಂದೊಂದೂ ಕಿರುಬೆರಳಿನಷ್ಟು. ಬಲ್ಗೇರಿಯಾದ ಗುಲಾಬಿ, ಟರ್ಕಿಯ ಗುಲಾಬಿ, ಎಲ್ಲ ದೇಶದ್ದೂ ಇದ್ದವು. ಪೆಟ್ಟಿಗೆ ಬಂದಾಗ ನಾನು ಮಾರ್ಕೆಟ್ಟಿನಲ್ಲಿದ್ದೆ. ಕೂಟಗಲ್ಲಿನಿಂದ ಬಂದಿದ್ದ ನಮ್ಮವ್ವ ಮನೆಯಲ್ಲಿದ್ದಳು.

ಸಂಜೆ ಬಂದು ನೋಡುತ್ತೇನೆ, ಅವ್ವ ಜಗುಲಿಯ ಮೇಲೆ ಎರಡೂ ಕಾಲು ನೀಡಿಕೊಂಡು ಕೂತಿದ್ದಾಳೆ. ಬೀದಿಯೆಲ್ಲ ಗುಲಾಬಿ ತೋಟ.

"ಬಂದ್ಯಾ ಮಗ. ಡಾಕುಟ್ರು ಮಂಡಿ ನೋವ್ಗೆ ಔಸ್ದಿ ಕಳ್ಸವ್ರೆ ಕಣ್ಲಾ. ಕೆಂಪು ಮುಚ್ಳುದ್ದು ಬಲ್ಗಾಲ್ಗೆ ಸಂದಾಗಿ ಹಿಡೀತು. ಹಚ್ತಿದ್ದಂಗೇ ತಣ್ಣಗಾಯ್ತು."

"ಅವ್ವಾ! ಅದು ಔಷಧಿ ಅಲ್ಲ, ಸೆಂಟು. ಬಲ್ಗೇರಿಯಾದ್ದು!"

"ಅದ್ಕೇ ಮತ್ತೆ. ಅಲ್ಲಿಯೋರ್ಗೆ ಮಂಡಿ ನೋವು ಜಾಸ್ತಿ ಅಂತ ಕಾಣ್ತದೆ. ಒಳ್ಳೇದು ಮಾಡವ್ರೆ."

ಉಳಿದಿದ್ದನ್ನು ಅವ್ವ ಗಂಟು ಕಟ್ಟಿಕೊಂಡು ಊರಿಗೆ ಹೋದಳು. ವಾರ ಬಿಟ್ಟು ಹಿಂದಿರುಗುವಾಗ ಕೂಟಗಲ್ಲಿನ ಮೂವರು ಮುದುಕಿಯರನ್ನೂ ಕರೆತಂದಳು. ಮೂವರೂ ನಮ್ಮ ಜಗುಲಿಯ ಮೇಲೆ ಕಾಲು ನೀಡಿ ಕೂತರು. "ಕೆಂಪು ಮುಚ್ಳುದ್ದು ಮುಗ್ದೈತೆ ಕಣಜ್ಜೀ" ಎಂದು ನಾನು ಹೇಳಿದರೆ ಒಬ್ಬಳು, "ಇರ್ಲೇಳು, ಹಸ್ರುದ್ದೇ ಹಾಕು. ಸೊಂಟಕ್ಕೆ ಯಾವ್ದು?" ಎಂದಳು. ಇರುವ ದೇಸಿ ಗುಲಾಬಿಯನ್ನೇ ಮೂವರಿಗೂ ಉಜ್ಜಿ ಕಳಿಸಿದೆ. ಮೂವರೂ ನಡೆದೇ ಬಸ್‌ಸ್ಟ್ಯಾಂಡಿಗೆ ಹೋದರು.

ಬಲ್ಗೇರಿಯಾದ ಗುಲಾಬಿ ಹೇಗಿರುತ್ತದೋ ನೋಡಲೇಬೇಕೆಂಬ ಆಸೆ ಮಾತ್ರ ಹೋಗಲಿಲ್ಲ. ಕೆಂಪು ಮುಚ್ಚಳದ ಆ ಶೀಶೆಯ ಕೊನೆಯ ಹನಿಯನ್ನು ಅವ್ವ ಆವತ್ತು ಬೆಳಗ್ಗೆಯೇ ಹಚ್ಚಿಕೊಂಡಿದ್ದಳು, ಅದು ಉಳಿದಿದ್ದದ್ದು ಒಂದೇ ಕಡೆ. ಅವ್ವ ಕುರ್ಚಿಯಲ್ಲಿ ಕೂತಿದ್ದಾಗ ಮೆಲ್ಲಗೆ ಹೋಗಿ ಅವಳ ಬಲ ಮಂಡಿಗೆ ಮೂಗು ಹಚ್ಚಿದೆ. ಅವ್ವ ಗಳಗಳ ಅತ್ತುಬಿಟ್ಟಳು. ನನ್ನ ತಲೆಯ ಮೇಲೆ ಎರಡೂ ಕೈ ಇಟ್ಟು, "ನೂರ್ಕಾಲ ಬಾಳು ಮಗ. ಮದ್ವೆ ಆದ್ಮೇಲೆ ಇದೇ ಮೊದುಲ್ನೇ ಸಲ ನೀನು ನನ್ ಕಾಲ್ಗೆ ಬಿದ್ದಿದ್ದು" ಎಂದಳು.

೫. ಹೆಣ್ಣು ನೋಡಲು ಬಂದವರು

ಇದನ್ನು ನೆನೆಸಿಕೊಂಡರೆ ಈಗ ನಗು ಬರುತ್ತದೆ. ಆವತ್ತು ಬೆವರು ಬಂದಿತ್ತು.

ಮಗಳನ್ನು ನೋಡಲು ಕುದೂರಿನಿಂದ ಗಂಡಿನ ಕಡೆಯವರು ಬರುವುದಿತ್ತು. ಹುಡುಗ ಡಿಗ್ರಿ ಓದಿ ಅಪ್ಪನ ಜೊತೆ ಬೇಸಾಯ ಮಾಡುತ್ತಿದ್ದ. ಮಾಗಡಿಯಲ್ಲಿ ಇಬ್ಬರಿಗೂ ಮೊದಲೇ ಪರಿಚಯ, ಒಪ್ಪಿಗೆಯೂ ಆಗಿತ್ತು. ಮಗಳು ಹೇಳಿದ್ದು ಇಷ್ಟೇ. "ಅಪ್ಪಾ, ನೀನು ಏನೂ ಕೆಡಿಸಬೇಡ."

ನಮ್ಮ ಭಯ ಒಂದೇ, ಹುಳದ ನಾತ. ಮನೆಯ ಹಿಂದೆಯೇ ನಮ್ಮ ನೂಲಿನ ಘಟಕ. ಎರಡು ದಿನ ಕೆಲಸ ನಿಲ್ಲಿಸಿದೆ. ಬೆಂದ ಹುಳದ ಚೀಲಗಳನ್ನೆಲ್ಲ ಸಾಗಿಸಿದೆ. ಭಾಯ್ ಅಂಗಡಿಯಿಂದ ಗುಲಾಬಿ ಅತ್ತರು ತಂದು ಪರದೆಗೆ, ಸೋಫಾಕ್ಕೆ, ಕಾಲೊರಸಿಗೆ, ಕೊನೆಗೆ ಫ್ಯಾನಿನ ರೆಕ್ಕೆಗೂ ಹಚ್ಚಿದೆ.

ಬಂದರು. ಹುಡುಗನ ತಾಯಿ ಹೊಸ್ತಿಲಲ್ಲೇ ನಿಂತು ಗಾಳಿ ಎಳೆದುಕೊಂಡರು. ಸೆರಗು ಮೂಗಿಗೆ ಹೋಯಿತು. ಹುಡುಗನ ತಂದೆ ಸೋಫಾದ ತುದಿಯಲ್ಲಿ, ಎದ್ದು ಹೋಗುವವರ ಹಾಗೆ ಕೂತರು. ಕಾಫಿ ತಣ್ಣಗಾಯಿತು.

"ಮನೇಲಿ ದಿನಾ ಹಿಂಗೇಯಾ?" ಎಂದು ಅವರು ಕೇಳಿದರು.

ನಾನು ಎದೆ ಉಬ್ಬಿಸಿದೆ. "ದಿನಾ ಹಿಂಗೇ! ನನ್ನ ಮಗಳಂತೂ ಸೆಂಟು ಹಾಕದೆ ಹೊಸ್ತಿಲು ದಾಟಾಕಿಲ್ಲ."

ಅದು ಸುಳ್ಳು. ಅವಳು ಪೌಡರು ಕೂಡ ಹಚ್ಚುವುದಿಲ್ಲ. ಅಡುಗೆಮನೆ ಬಾಗಿಲಿನಿಂದ ಅವಳು ನನ್ನನ್ನು ನೋಡಿದ ನೋಟ ಇನ್ನೂ ನನ್ನ ಬೆನ್ನಿನಲ್ಲಿದೆ.

ಹುಡುಗನ ತಂದೆ ಎದ್ದು ನಿಂತರು. "ಬೇಜಾರ್ ಮಾಡ್ಕಬೇಡಿ. ನಾವು ರೇಷ್ಮೆ ಹುಳ ಸಾಕೋರು. ಸೆಂಟಿನ ವಾಸ್ನೆ ಬಡುದ್ರೆ ಹುಳ ಸೊಪ್ಪು ಮುಟ್ಟಾಕಿಲ್ಲ. ಹುಳುಕ್ಕೋಸ್ಕರ ನಾನು ಬೀಡಿ ಬುಟ್ಟೆ. ಇವ್ಳು ತಲೆಗೆ ಮಲ್ಗೆ ಮುಡ್ದು ಹತ್ತು ವರ್ಸ ಆಯ್ತು. ನಮ್ಗೂ ನಿಮ್ಗೂ ಸರಿಬರಾಕಿಲ್ಲ."

ಹುಡುಗ ನೆಲ ನೋಡಿದ. ಅಡುಗೆಮನೆಯಲ್ಲಿ ಒಂದು ಲೋಟ ಬಿತ್ತು.

"ಕುಂತ್ಕಳಿ! ಎರಡೇ ನಿಮಿಷ!" ಎಂದು ಕೂಗಿ ನಾನು ಓಡಿದೆ. ನಮ್ಮ ಘಟಕದಲ್ಲಿ ಒಂದು ಹುಳವೂ ಇರಲಿಲ್ಲ, ನಾನೇ ಸಾಗಿಸಿದ್ದೆನಲ್ಲ. ಪಕ್ಕದ ಬೀದಿಯ ರೀಲರ್ ಮನೆಗೆ ನುಗ್ಗಿ, "ಒಂದು ಬಕೀಟು ಹುಳ ಕೊಡ್ಲಾ, ಮಗಳ ಮದ್ವೆ!" ಎಂದೆ. ಅವನು ಏನೂ ಕೇಳದೆ ಹಬೆಯಾಡುವ ಹುಳವನ್ನು ತುಂಬಿಕೊಟ್ಟ. ಅದನ್ನು ಹೊತ್ತು ಓಡಿ ಬಂದು, ಬೀಗರಾಗಬೇಕಾದವರ ಮುಂದೆ, ಹಾಲ್‌ನ ನಟ್ಟನಡುವೆ ಇಟ್ಟೆ.

"ನಾವು ರೀಲರ್‌ಗಳು ಸ್ವಾಮಿ. ನಮ್ಮ ನಿಜವಾದ ವಾಸ್ನೆ ಇದು. ಗುಲಾಬಿ ಇವತ್ತೊಂದಿನದ ನಾಟಕ. ನನ್ನ ಮಗಳು ಹುಟ್ಟಿ ಬೆಳೆದಿದ್ದು ಇದ್ರಲ್ಲೇ."

ಗುಲಾಬಿ ಐದೇ ನಿಮಿಷದಲ್ಲಿ ಸೋತು ಹೋಯಿತು. ಹುಡುಗನ ತಾಯಿ ಮೆಲ್ಲಗೆ ಸೆರಗು ತೆಗೆದರು. ತಂದೆ ಕಣ್ಣು ಮುಚ್ಚಿ ಎದೆ ತುಂಬ ಉಸಿರೆಳೆದುಕೊಂಡರು.

"ಹಾಂ. ಈಗ ಮನೆ ಅನ್ನಂಗಾಯ್ತು" ಎಂದು ಕೂತು, ತಣ್ಣಗಿದ್ದ ಕಾಫಿಯನ್ನೇ ಕುಡಿದರು. ಮಗಳು ನಗುತ್ತಾ ಹೊರಗೆ ಬಂದಳು. ಹುಡುಗ ತಲೆ ಎತ್ತಿದ.

ನಮ್ಮನೆಯವಳು ಮಾತ್ರ ಕಾಣಲಿಲ್ಲ. ಬಕೆಟ್ಟು ಒಳಗೆ ಬಂದ ಕೂಡಲೇ ಅವಳು ಹೊರಗೆ ಓಡಿ, ಮೆಟ್ಟಿಲ ಮೇಲೆ ಕೂತು, ಮೂಗು ಬಾಯಿ ಮುಚ್ಚಿಕೊಂಡಿದ್ದಳು. ಕಣ್ಣಲ್ಲಿ ದಳದಳ ನೀರು.

"ಅವ್ರು ಯಾಕೆ ಎದ್ದೋದ್ರು?" ಎಂದು ಹುಡುಗನ ತಾಯಿ ಕೇಳಿದರು.

"ಹೆತ್ತ ಕರುಳು" ಎಂದೆ. "ಮಗಳು ಹೋಗ್ಬುಡ್ತಾಳಲ್ಲ ಅಂತ."

ಆ ತಾಯಿಗೆ ಕರುಳು ಚುರುಕ್ ಎಂದಿತು. ಹೊರಗೆ ಹೋಗಿ ನಮ್ಮನೆಯವಳ ಪಕ್ಕ ಕೂತು, ಅವಳ ಬಾಯಿಗೆ ಅಡ್ಡವಿದ್ದ ಕೈಯನ್ನು ಬಿಡಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಅಳ್ಬ್ಯಾಡಿ ಬೀಗ್ತೀ. ನಿಮ್ ಮಗೀನ ನೋಡ್ಬೇಕು ಅನ್ಸಿದಾಗ ನಮ್ಮನೇಗ್ ಬಂದ್ಬುಡಿ, ತಿಂಗ್ಳುಗಟ್ಲೆ ಇರಿ. ನಿಮ್ಗೂ ಬೇಜಾರಾಗಾಕಿಲ್ಲ. ಮಲ್ಗೋ ಕ್ವಾಣೆ ಪಕ್ಕುದಲ್ಲೇ ಹುಳುದ್ ಮನೆ ಐತೆ."

ಆಗ ನಮ್ಮನೆಯವಳಿಗೆ ನಿಜವಾದ ಅಳು ಬಂತು.