ಕ್ರಾಂತಿಯ ಬ್ಯಾಳಿ

ಆ ಫೋನನ್ನು ತಾನೇ ಮಾಡಬೇಕಿತ್ತು. ಆಮೇಲೆ ಕ್ರಾಂತಿ ಹಣೆ ಹಣೆ ಚಚ್ಚಿಕೊಂಡದ್ದು ಇದೊಂದಕ್ಕೇ. ಆದರೆ ಸ್ಪರ್ಧೆಗೆ ಹೆಸರು ಕೊಡುವ ಕಡೆಯ ದಿನ ಅವಳು ದಾವಣಗೆರೆಯ ಕ್ಲಾಸಿನಲ್ಲಿದ್ದಳು, ಅಪ್ಪ ಸುಂಕಪ್ಪ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದ, ಅವ್ವ ಮಾಳಮ್ಮ ನರ್ಸ್ ಡ್ಯೂಟಿಗೆ ಹೊರಟಿದ್ದಳು. ಪಕ್ಕದ ಮನೆಯ ಹಂಪಮ್ಮ, "ಅಷ್ಟಕ್ಯಾಕ ಚಿಂತಿ? ನಾ ಮಾತಾಡ್ತೀನಿ ಹೋಗು," ಎಂದು ನಂಬರು ಇಸಿದುಕೊಂಡಳು. ಓಣಿಯಲ್ಲಿ ಯಾರ ಮನೆಯ ಕೆಲಸವಾದರೂ ಕೇಳದೆಯೇ ಮೈಮೇಲೆ ಹಾಕಿಕೊಳ್ಳುವ ಪುಣ್ಯಾತ್ಗಿತ್ತಿ ಅವಳು.

"ಹರಪನಹಳ್ಳಿ ಏನ್ರಿ? ಕೊಟ್ಟೂರಿನ ಕ್ರಾಂತಿ ಅಂತ ಹೆಸರು ಹಚ್ಕೊಳ್ರಿ. ಅಕಿ ಬ್ಯಾಲಿ ಮಾಡ್ತಾಳ. ಭಾಳ ಚೊಲೊ ಮಾಡ್ತಾಳ!"

ಬ್ಯಾಲೆ ಎಂಬ ಮಾತು ಆ ಓಣಿಯ ನಾಲಿಗೆಗೆ ಇಷ್ಟು ವರ್ಷವಾದರೂ ಒಗ್ಗಿರಲಿಲ್ಲ. ಭಾನುವಾರ ಬೆಳಿಗ್ಗೆ ಕ್ರಾಂತಿ ಬ್ಯಾಗು ಹಾಕಿಕೊಂಡು ಹೊರಟರೆ ಕಟ್ಟೆಯ ಮೇಲಿನ ಯರ್ರೆಪ್ಪ ಪ್ರತಿಸಲ ಒಂದೇ ಪ್ರಶ್ನೆ ಕೇಳುತ್ತಿದ್ದ: "ಬ್ಯಾಳಿ ಕುದಿಸೋದು ಕಲಿಯಾಕ ದಾವಣಗೆರಿಗೆ ಹೋಗ್ಬೇಕೇನವ್ವ?"

"ಬ್ಯಾಳಿ ಅಲ್ಲ ತಾತ, ಬ್ಯಾಲೆ. ಡ್ಯಾನ್ಸು."

"ನಾನೂ ಅದ ಅಂದೆ."

ಕಿಟಕಿಯ ಸರಳು ಹಿಡಿದು, ಸಿಮೆಂಟು ನೆಲದ ಮೇಲೆ, ಗಟ್ಟಿ ಮೂತಿಯ ಶೂ ಹಾಕಿಕೊಂಡು ಅವಳು ಬೆರಳ ತುದಿಯಲ್ಲಿ ನಿಲ್ಲುವುದನ್ನು ಕಲಿತಿದ್ದಳು. ಉಗುರು ಕಿತ್ತು ಬಂದಾಗ ಮಾಳಮ್ಮ ಪಟ್ಟಿ ಕಟ್ಟುತ್ತಾ ಅಳುತ್ತಿದ್ದಳು, ಕ್ರಾಂತಿ ಅಳುತ್ತಿರಲಿಲ್ಲ. "ನನಗೆ ಗೊತ್ತಿದ್ದನ್ನೆಲ್ಲ ಕೊಟ್ಟಾಯ್ತು ಪುಟ್ಟಾ," ಎಂದಿದ್ದರು ಕಲಿಸುವ ಪ್ರಿಯಾ ಮಿಸ್. "ಮುಂದಿನದು ಬೆಂಗಳೂರಿನಲ್ಲೇ ಕಲೀಬೇಕು." ಹರಪನಹಳ್ಳಿಯ ಸ್ಪರ್ಧೆಯಲ್ಲಿ ನೃತ್ಯದ ಮೊದಲ ಬಹುಮಾನವೇ ಬೆಂಗಳೂರಿನ ಬ್ಯಾಲೆ ಶಾಲೆಯಲ್ಲಿ ಊಟ ವಸತಿ ಸಮೇತ ಒಂದು ಸೀಟು. ಹದಿನೈದು ತುಂಬಿದವರಿಗೆ ಅದು ಇಲ್ಲ. ಕ್ರಾಂತಿಗೆ ಬರುವ ತಿಂಗಳು ಹದಿನೈದು ತುಂಬುವುದಿತ್ತು.

ಅಪ್ಪ ಅವ್ವನಿಗೆ ರಜೆ ಸಿಗಲಿಲ್ಲ. ಜೊತೆಗೆ ಹೊರಟವಳು ಮತ್ತೆ ಹಂಪಮ್ಮನೇ. ಬುತ್ತಿ ಬೇರೆ ಕಟ್ಟಿದ್ದಳು: ಜೋಳದ ರೊಟ್ಟಿ, ಕೆಂಪು ಚಟ್ನಿ, ಒಂದು ದೊಡ್ಡ ಡಬ್ಬಿ ತುಂಬ ಹೆಸರುಬ್ಯಾಳಿ.

ಸಭಾಂಗಣದಲ್ಲಿ ಸಂಘಟಕ ಶಿವಯೋಗಪ್ಪ ಮೈಕು ನುಂಗುವವನಂತೆ ಕೂಗುತ್ತಿದ್ದ. "ನೋಡ್ರಿ, ಒಬ್ಬರಿಗೆ ಒಂದ ಬಹುಮಾನ! ಹೋದ ವರ್ಷ ಒಂದ ಮನಿಯವರು ಎಲ್ಲಾ ಹೊತ್ಕೊಂಡು ಹೋಗಿ ಗಲಾಟಿ ಆಗೇತಿ!" ಕ್ರಾಂತಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಳಿ ನೆರಿಗೆಯ ಉಡುಪು ತೊಟ್ಟು ತನ್ನ ಹೆಸರಿಗಾಗಿ ಕಾಯುತ್ತಿದ್ದಳು. ಹೆಸರೇನೋ ಬಂತು.

"ಅಡಿಗಿ ಸ್ಪರ್ಧೆ, ಬ್ಯಾಳಿ ವಿಭಾಗ! ಕೊಟ್ಟೂರಿನ ಕುಮಾರಿ ಕ್ರಾಂತಿ, ಹಿಂದಿನ ಶೆಡ್ಡಿನ್ಯಾಗ ನಿಮ್ಮ ಒಲಿ ಹತ್ರ ಬರ್ರಿ!"

ಕ್ರಾಂತಿ ಓಡಿ ಹೋಗಿ, "ಸರ್, ನಂದು ಬ್ಯಾಲೆ ಸರ್, ಡ್ಯಾನ್ಸು!" ಎಂದಳು.

"ಫೋನಿನ್ಯಾಗ ಬ್ಯಾಳಿ ಅಂದಾರಲ್ಲವ್ವ. ಭಾಳ ಚೊಲೊ ಮಾಡ್ತಾಳ ಅಂತನೂ ಅಂದಾರ."

"ನಾ ಬ್ಯಾಲಿ ಅಂದೀನ್ರಿ!" ಹಂಪಮ್ಮ ಸೆರಗು ಸಿಕ್ಕಿಸಿದಳು. "ಬ್ಯಾಳಿ ಅಂದಿಲ್ಲ!"

"ನಾನೂ ಅದ ಬರ್ಕೊಂಡೀನಿ."

ಕ್ರಾಂತಿ ಕೈಮುಗಿದಳು, ಕಣ್ಣೀರು ಹಾಕಿದಳು. ಕೊನೆಗೆ ಶಿವಯೋಗಪ್ಪ ಸ್ವಲ್ಪ ಕರಗಿದ. "ಒಲಿ ಖಾಲಿ ಬಿಟ್ರ ಅತಿಥಿಗಳ ಮುಂದ ನನ್ನ ಮರ್ಯಾದಿ ಏನಾಗ್ಬೇಕು? ಮೊದ್ಲು ಬ್ಯಾಳಿ ಇಡು. ಡ್ಯಾನ್ಸಿನ ಕಡಿಗೆ ನಿನ್ನೂ ಸೇರಸ್ತೀನಿ."

ಹುಟ್ಟಿದಾಗಿನಿಂದ ಕ್ರಾಂತಿ ಒಲೆ ಹಚ್ಚಿದವಳಲ್ಲ. ನೆರಿಗೆಯ ಉಡುಪಿನಲ್ಲಿ ಒಲೆಯ ಮುಂದೆ ನಿಂತದ್ದೇ ತಡ, ಪಕ್ಕದ ಹೆಂಗಸರು, "ಈ ಹುಡಿಗಿ ಯಾಕ ಸೊಳ್ಳಿಪರದಿ ಸುತ್ಕೊಂಡಾಳ?" ಎಂದು ನಗತೊಡಗಿದರು. ಅವಳು ಉಪ್ಪು ಹಾಕಿದಳು. ಹಾಕಿದ್ದು ಮರೆತು ಮತ್ತೂ ಹಾಕಿದಳು. ಅರಿಷಿಣದ ಡಬ್ಬಿ ಉರುಳಿ ಉಡುಪಿನ ಮೇಲೆಲ್ಲ ಚೆಲ್ಲಿತು. ಒರೆಸಿದಷ್ಟೂ ಹಳದಿ ಹರಡಿತು. ಅಷ್ಟರಲ್ಲಿ ಬೇಳೆ ತಳ ಹಿಡಿದು ಶೆಡ್ಡೆಲ್ಲ ಕಮರು ವಾಸನೆ. ಆಗಲೇ ವೇದಿಕೆಯಿಂದ ಅವಳ ಹೆಸರು ಕೂಗಿದರು.

"ನೀ ಓಡು!" ಹಂಪಮ್ಮ ಸೌಟು ಕಸಿದುಕೊಂಡಳು. "ಇಲ್ಲಿದು ನಾ ನೋಡ್ಕೊಂತೀನಿ."

ವೇದಿಕೆಯ ಮೇಲೆ ಅವಳನ್ನು ಕಂಡು ಜನ ಮೊದಲು ನಕ್ಕರು. ಮದುವಣಗಿತ್ತಿಗೆ ಅರಿಷಿಣ ಹಚ್ಚಿ ಎಬ್ಬಿಸಿ ಕಳಿಸಿದಂತಿದ್ದಳು. ಆದರೆ ಅವಳು ಬೆರಳ ತುದಿಯ ಮೇಲೆ ಎದ್ದು ನಿಂತಾಗ ನಗು ನಿಂತಿತು. ಕಿಟಕಿಯ ಸರಳಾಗಲಿ ಸಿಮೆಂಟಿನ ನೆಲವಾಗಲಿ ಅವಳಿಗೆ ನೆನಪಿರಲಿಲ್ಲ. ಇದೇ ಕೊನೆ ಎಂಬುದೊಂದೇ ನೆನಪಿತ್ತು, ಅದನ್ನೇ ಕುಣಿದಳು. ಮುಗಿದಾಗ ಬೆಂಗಳೂರಿನಿಂದ ಬಂದಿದ್ದ ತೀರ್ಪುಗಾರ್ತಿ ಪುಷ್ಪಲತಾ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಮೊದಲು ಅಡಿಗೆಯ ಫಲಿತಾಂಶ. ಬ್ಯಾಳಿ ವಿಭಾಗದಲ್ಲಿ ಪ್ರಥಮ, ಕೊಟ್ಟೂರಿನ ಕ್ರಾಂತಿ! ಅವಳಿಗೆ ನಗು ತಡೆಯಲಾಗಲಿಲ್ಲ. ಇವರ ನಾಲಿಗೆಗೆ ಏನಾಗಿದೆಯಪ್ಪಾ ಎಂದುಕೊಳ್ಳುತ್ತಾ ಬಹುಮಾನದ ಕುಕ್ಕರ್ ಇಸಿದುಕೊಂಡು ಫೋಟೋಕ್ಕೆ ನಿಂತಳು.

ಆಮೇಲೆ ಪುಷ್ಪಲತಾ ಮೈಕು ಹಿಡಿದರು. "ನೃತ್ಯದಲ್ಲಿ ಪ್ರಥಮ, ಕ್ರಾಂತಿ."

ಕ್ರಾಂತಿಗೆ ಕಾಲು ನೆಲದ ಮೇಲಿದೆಯೋ ಇಲ್ಲವೋ ತಿಳಿಯಲಿಲ್ಲ. ಶಿವಯೋಗಪ್ಪ ಮಧ್ಯೆ ನುಗ್ಗಿದ. "ಮೇಡಂ, ಇಕಿಗೆ ಆಗ್ಲೇ ಕೊಟ್ಟೀವಿ. ಒಬ್ಬರಿಗೆ ಒಂದ."

"ಏನು ಮಾತಾಡ್ತಿದೀರಿ? ಆ ಹುಡುಗಿಯ ಕಾಲು ನೋಡಿದಿರಾ?"

"ಕಾಲು ಚೊಲೊ ಅದಾವ ಮೇಡಂ. ರೂಲ್ಸು ರೂಲ್ಸ."

"ಸರ್, ಕುಕ್ಕರ್ ವಾಪಸ್ ತಗೋರಿ," ಕ್ರಾಂತಿ ಅದನ್ನು ಅವನ ಎದೆಗೆ ಒತ್ತಿದಳು. "ನಿಮ್ಮ ಕಾಲಿಗೆ ಬೀಳ್ತೀನಿ ಸರ್."

"ಒಂದ ಮಾತು ಹೇಳವ್ವ. ಆ ಬ್ಯಾಳಿ ನೀನ ಮಾಡಿದ್ದು ಹೌದೋ ಅಲ್ಲೋ?"

"ಹೌದು ಸರ್."

"ಹಂಗಾರ ಮುಗೀತು."

ಸೀಟು ಹಡಗಲಿಯ ಹುಡುಗಿಯೊಬ್ಬಳ ಪಾಲಾಯಿತು.

ಕೊಟ್ಟೂರಿನ ಬಸ್ಸಿನಲ್ಲಿ ಕ್ರಾಂತಿ ಕುಕ್ಕರನ್ನು ತೊಡೆಯ ಮೇಲಿಟ್ಟುಕೊಂಡು ಬಿಕ್ಕುತ್ತಿದ್ದಳು. ಹಂಪಮ್ಮ ಅವಳ ಬೆನ್ನು ಸವರಿದಳು. "ಅಳಬ್ಯಾಡ ನನ್ನವ್ವ. ಒಂದಾದ್ರೂ ಬಂತಲ್ಲ. ನಾ ಇರಲಿಲ್ಲಂದ್ರ ಅದೂ ಇಲ್ಲ."

"ಅಂದ್ರ?"

"ನಿನ್ನ ಬ್ಯಾಳಿ ನಾಯಿ ಸೈತ ಮೂಸೋ ಹಂಗಿರಲಿಲ್ಲ. ನೀ ಕುಣಿಯಾಕ ಹೋದಾಗ ಅದನ್ನ ಮೋರಿಗೆ ಸುರುವಿ, ನನ್ನ ಬುತ್ತಿ ಡಬ್ಬಿದು ಹಾಕಿಟ್ಟೆ. ಯಾರಿಗೂ ಗೊತ್ತಾಗಲಿಲ್ಲ ನೋಡು!"

ಕ್ರಾಂತಿಯ ಬಿಕ್ಕು ನಿಂತುಹೋಯಿತು. ಅಲ್ಲ ಸರ್ ಎಂದಿದ್ದರೆ ಸಾಕಿತ್ತು. "ದೊಡ್ಡವ್ವಾ, ಇದನ್ನ ಅಲ್ಲೇ ಯಾಕ ಹೇಳಲಿಲ್ಲ ನೀನು?"

"ಹೇಳಿದ್ರ ಕುಕ್ಕರ್ ಕಸ್ಕೊಂತಿರಲಿಲ್ಲೇನು?" ಹಂಪಮ್ಮ ಗಾಬರಿಯಿಂದ ಕೇಳಿದಳು.

ಆಗಲೇ ಪ್ರಿಯಾ ಮಿಸ್ ಫೋನು ಬಂತು. "ಏನಾಯ್ತು ಪುಟ್ಟಾ?"

ಬಸ್ಸು ಗಡಗಡ ಸದ್ದು ಮಾಡುತ್ತಿತ್ತು. "ಬ್ಯಾಳಿಯೊಳಗ ಫಸ್ಟ್ ಬಂದೆ, ಮಿಸ್."

ಆ ಕಡೆ ಮಿಸ್ ಕಿರುಚಿದರು. "ನನಗೆ ಗೊತ್ತಿತ್ತು! ಬ್ಯಾಲೆಯಲ್ಲಿ ನಿನ್ನನ್ನ ಮೀರಿಸೋರು ಯಾರಿದಾರೆ?" ಮಿಸ್ ಅಳುತ್ತಿದ್ದರು, ಕ್ಲಾಸಿನ ಮಕ್ಕಳೆಲ್ಲ ಚಪ್ಪಾಳೆ ಹೊಡೆಯುತ್ತಿದ್ದರು. "ಬಟ್ಟೆ ಕಟ್ಟಿಕೋ. ನಾನೇ ಬೆಂಗಳೂರಿಗೆ ಬಿಟ್ಟು ಬರ್ತೀನಿ."

ಕ್ರಾಂತಿ ಬಾಯಿ ತೆರೆದಳು. ಚಪ್ಪಾಳೆ ಇನ್ನೂ ಕೇಳುತ್ತಿತ್ತು.

"ಹೂಂ ಮಿಸ್," ಎಂದಳು ಕೊನೆಗೆ.

"ಏನಂತ ಮಿಸ್ಸು, ಖುಷಿ ಆದ್ರಾ?" ಹಂಪಮ್ಮ ಕಿವಿ ಹತ್ತಿರ ತಂದಳು. "ಒಂದಿನ ಊಟಕ್ಕ ಬರಾಕ ಹೇಳು. ಅವರಿಗೂ ನನ್ನ ಬ್ಯಾಳಿ ಉಣ್ಣಿಸೋಣ."